ಕರಿಮರಿಯನ್ನು ಬಿಟ್ಟುಹೋಗುತ್ತಿದ್ದೇನೆ

ತನು,

ನೀನು ತಂದ ಎರಡು ನಾಯಿಮರಿಗಳಲ್ಲಿ ಕೆಂಚುಮರಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಹರಿಹರದ ಬಸ್ಸಿಗೆ ಹೊರಟಿದ್ದೇನೆ. ಇಲ್ಲಿಯ ಡಾಕ್ಟರ್ ಹೇಳಿದ ಡ್ರಿಪ್ಪು, ಇಂಜೆಕ್ಷನ್ನು ನಮ್ಮ ಕೈಗೆ ಎಟುಕುವಂಥದ್ದಲ್ಲ. ಅಲ್ಲಿ ದನದ ಡಾಕ್ಟರ್ ರುದ್ರಮುನಿ ಮಾವ ದುಡ್ಡು ಕೇಳದೆ ನೋಡುತ್ತಾರೆ. ಕರಿಮರಿ ಕತ್ತೇ ಎತ್ತುತ್ತಿಲ್ಲ, ಬಸ್ಸಿನ ಕುಲುಕಾಟ ತಡೆಯಲಾರದು.

ಬಿಸಿನೀರಿನ ಬಾಟಲಿಗೆ ನನ್ನ ಹಳೇ ಸೀರೆ ಸುತ್ತಿ ಅದರ ಪಕ್ಕದಲ್ಲಿಡು. ಬಾಯಿಗೆ ಏನನ್ನೂ ಬಲವಂತವಾಗಿ ಹಾಕಬೇಡ.

ಅಜ್ಜಿ ಲಿಂಗಕ್ಕೆರೆದ ಹಾಲು ತಂದರೆ ತಡೆ. ಹಸುವಿನ ಹಾಲಿನಿಂದಲೇ ಭೇದಿ ಹೆಚ್ಚಾಯಿತಂತೆ. "ಶಿವನ ಮೈಮೇಲಿಂದ ಇಳಿದ ಹಾಲು ಕಣವ್ವ, ಏನಾಗ್ತೈತೆ?" ಎಂದು ಬೆರಳದ್ದಿ ಹನಿಹನಿಯಾಗಿ ಕುಡಿಸಿದ ಜೀವ ಅದು. ಕಾರಣ ಹೇಳಬೇಡ. "ಮಲಗೈತೆ ಅಜ್ಜಿ, ಎಬ್ಬಿಸಬ್ಯಾಡ" ಎನ್ನು, ಸಾಕು.

ಇನ್ನು ಯಾವ ಮರಿಯನ್ನೂ ಮನೆಗೆ ಎತ್ತಿಕೊಂಡು ಬರಬೇಡ. ಬೈಯುತ್ತಿಲ್ಲ ಮಗಳೇ, ನನ್ನಿಂದ ಆಗುತ್ತಿಲ್ಲ. ಬೆಳಗ್ಗೆ ದೇವರ ಮುಂದೆ ಕೂತರೆ ದಿನಾ ಹೇಳುವ ಒಂದು ವಚನವೂ ನಾಲಿಗೆಗೆ ಬರಲಿಲ್ಲ.

ರೊಟ್ಟಿ ಮುಚ್ಚಿಟ್ಟಿದ್ದೇನೆ, ತಿನ್ನು.

ಕರಿಮರಿ ಹೋದರೆ ಫೋನ್ ಮಾಡಬೇಡ. ಗೊತ್ತಾದರೆ ನಡುದಾರಿಯಲ್ಲೇ ಇಳಿದು ನಿನ್ನ ಹತ್ತಿರ ಓಡಿ ಬಂದುಬಿಡುತ್ತೇನೆ. ಆಮೇಲೆ ಬುಟ್ಟಿಯಲ್ಲಿರುವುದೂ ಉಳಿಯುವುದಿಲ್ಲ.

ಅವ್ವ