ಬೆರಳು ಹೆಣೆದು ಕೂತ ದೇವತೆ

ಅಮ್ಮಾ,

ನಗುತ್ತೀಯೆಂದು ಇದನ್ನು ಹೇಳದೇ ಬಿಡುತ್ತಿದ್ದೆ. ಅರ್ಪಿತಾ ನಿನ್ನೆಯಿಂದ ಹೆರಿಗೆ ನೋವು ತಿನ್ನುತ್ತಿದ್ದಾಳೆ. ಕೋವಿಡ್ ನಿಯಮವೆಂದು ತಂಗಿಯ ಬಳಿಗೆ ನನ್ನನ್ನು ಬಿಡುತ್ತಿಲ್ಲ. ಡಬ್ಲಿನ್ನಿನ ಆಸ್ಪತ್ರೆಯ ಹೊರಗೆ ಕಾರಿನಲ್ಲಿದ್ದೇನೆ.

ಈಗಷ್ಟೇ ಫೋನ್ ಮಾಡಿದ್ದಳು. "ಅಕ್ಕಾ, ನರ್ಸ್ ಎಲ್ಲ ಗ್ರ್ಯಾಂಡ್, ಚೆನ್ನಾಗೇ ಇದೆ ಅಂತಾಳೆ. ಹಾಗಿದ್ರೆ ಅವಳೇ ಹೆರಲಿ! ಅಮ್ಮ ಇದ್ದಿದ್ರೆ..."

ಗ್ರೀಕರ ಹೆರಿಗೆ ದೇವತೆ ಐಲಿಥಿಯಾ ಕಾಲ ಮೇಲೆ ಕಾಲು ಹಾಕಿ, ಬೆರಳು ಹೆಣೆದು ಕೂತು ಒಬ್ಬಳ ಹೆರಿಗೆಯನ್ನೇ ತಡೆದಿದ್ದಳಂತೆ. ನೋಡಿದರೆ ನಾನೂ ಹಾಗೇ ಕೂತಿದ್ದೆ! ಕೈ ಬಿಡಿಸಿದೆ, ಜಡೆ ಬಿಚ್ಚಿದೆ. ಹೆರಿಗೆಯ ಮನೆಯಲ್ಲಿ ಮಗು ಸಲೀಸಾಗಿ ಬರಲೆಂದು ನೀನು ಬೀಗಗಳನ್ನೆಲ್ಲ ತೆಗೆಸುತ್ತಿದ್ದಂತೆ ಕಾರಿನ ಬಾಗಿಲುಗಳನ್ನೆಲ್ಲ ತೆರೆದಿಟ್ಟೆ. ಇದನ್ನೆಲ್ಲ ನಂಬುತ್ತೇನೆಯೇ? ಗೊತ್ತಿಲ್ಲ. ಬೇರೇನು ಮಾಡಲಿ?

ಹೋದ ವರ್ಷ ತೀರಿಕೊಂಡ ನಿನಗೆ ಇದನ್ನು ಹನ್ನೊಂದನೆಯ ದಿನದ ನಾಮಕರಣ ಮುಗಿಸಿ ಊರಿನ ನಿನ್ನ ಹಳೇ ವಿಳಾಸಕ್ಕೇ ಪೋಸ್ಟ್ ಮಾಡುತ್ತೇನೆ. ಮಗು ಇವತ್ತೇ, ಹನ್ನೊಂದನೇ ತಾರೀಕೇ ಹುಟ್ಟಲೆಂದು ಈಗಲೇ ಆ ನಾಮಕರಣದ ತಾರೀಕು ಬರೆದಿಡುತ್ತಿದ್ದೇನೆ: ೨೦೨೧ರ ಫೆಬ್ರವರಿ ೨೧.