ಬಾಗಿಲ ಮುಂದಿನ ಸ್ಟೂಲು

ಎರಡನೇ ಮಹಡಿಯ ಟೈಲರ್ ಅಕ್ಕನಿಗೆ,

ನಮ್ಮನೆಯವರು ಬದುಕಿಕೊಂಡರು. ನಾಳೆ ಆಸ್ಪತ್ರೆಯಿಂದ ಮನೆಗೆ ಕಳಿಸುತ್ತಾರೆ.

ನಿಮ್ಮ ಬಾಗಿಲ ಮುಂದಿದ್ದ ಸ್ಟೂಲನ್ನು ಮತ್ತೆ ಅಲ್ಲೇ ಇಡುತ್ತೀರಾ? ತೆಗೆಯಿರಿ ಎಂದು ಕೂಗಾಡಿದವಳು ನಾನೇ. ಆ ದಿನದ ಉಳಿದ ಮಾತುಗಳನ್ನು ಬರೆಯಲು ಕೈ ಓಡುತ್ತಿಲ್ಲ. "ದಿನಾ ಸಂಜೆ ಅಲ್ಲೇನು ಕೂತ್ಕೊಂಡು ಹರಟೆ?" ಎಂದು ಕೇಳಿದ್ದಕ್ಕೆ ಇವರು, "ಬಟನ್ ಹಾಕಿಸ್ಕೊಳ್ತಿದ್ದೆ ಕಣೇ" ಎಂದು ನಕ್ಕಿದ್ದರು. ಆ ನಗು ನೋಡಿ ನನಗೆ ಮೈಯೆಲ್ಲ ಉರಿದಿತ್ತು.

ಡಾಕ್ಟರಮ್ಮ ಚಿತ್ರ ಬರೆದು ತೋರಿಸಿದರು. ಮೈಗೆಲ್ಲ ರಕ್ತ ಹಂಚುವ ಹೃದಯಕ್ಕೂ ಅದರ ಪಾಲಿನ ರಕ್ತ ಬೇಕಂತೆ. ಅದನ್ನು ತರುವ ನಾಳ ಕಟ್ಟಿಕೊಳ್ಳುತ್ತಾ ಬಂದಿತ್ತು. ಕೂತರೆ ಸಾಲುತ್ತಿತ್ತು, ಮೆಟ್ಟಿಲು ಹತ್ತುವಾಗ ಸಾಲದೆ ಎದೆ ಹಿಡಿದುಕೊಳ್ಳುತ್ತಿತ್ತು. ನನಗೆ ಗಾಬರಿಯಾಗಬಾರದೆಂದು ಇವರು ಹೇಳಿರಲಿಲ್ಲವಂತೆ. ಸ್ಟೂಲು ಹೋದ ಮೇಲೆ ಎಲ್ಲೂ ನಿಲ್ಲದೆ ಒಂದೇ ಉಸಿರಿಗೆ ಮೇಲೆ ಬರುತ್ತಿದ್ದರು. ಎಲ್ಲಿ ನಿಲ್ಲುತ್ತಾರೋ ಎಂದು ನಾನು ಮೆಟ್ಟಿಲ ಕಂಬಿ ಹಿಡಿದು ಮೇಲಿನಿಂದ ನೋಡುತ್ತಿದ್ದೆನಲ್ಲ.

ಆ ನಾಳ ಪೂರ್ತಿ ಮುಚ್ಚಿದ ದಿನ ಹೃದಯದ ಒಂದು ಭಾಗ ಸತ್ತಿದೆ. ಅದು ಮತ್ತೆ ಚಿಗುರುವುದಿಲ್ಲವಂತೆ.

ಬಟ್ಟೆಚೂರು ಉಳಿದಿದ್ದರೆ ಸ್ಟೂಲಿಗೊಂದು ಮೆತ್ತೆ ಹೊಲಿಯಿರಿ.

ಇವತ್ತು ಇವರಿಗೆ, "ನಾಳೆ ಟೈಲರ್ ಅಕ್ಕನ ಮನೆ ಮುಂದೆ ಸ್ವಲ್ಪ ಕೂತು ಹತ್ತೋಣ" ಎಂದೆ. ಮುಖ ಬಿಳಿಚಿಕೊಂಡಿತು. "ಇಲ್ಲ ಕಣೇ, ಅಲ್ಲಿ ಕೂರಲ್ಲ. ನಿನ್ನಾಣೆ" ಎಂದರು.

ನೀವೇ ಕೂರಿಸಬೇಕು ಅಕ್ಕ. ನಾನು ಹೇಳಿದರೆ ಹೆದರುತ್ತಾರೆ.

ಇಂತಿ,
ಮೂರನೇ ಮಹಡಿಯವಳು