ಗುಂಯ್‌ಗುಡುವ ಜಾಗದಲ್ಲಿ ಒಂದು ನಿಮಿಷ

ಮುದಗಲ್ಲು ಗುಡ್ಡದ ಅಲೆಮನೆ,
ಫೆಬ್ರವರಿ ೩೦, ೨೩೧೮

ಇಪ್ಪತ್ತೊಂದನೆಯ ಶತಮಾನದ ಹವ್ಯಾಸಿ ರೇಡಿಯೊ ಬಂಧುಗಳೇ,

ತಾರೀಕು ನೋಡಿ ನಗಬೇಡಿ. ನಿಮ್ಮವರು ಫೆಬ್ರವರಿಗೆ ಮಾಡಿದ ಅನ್ಯಾಯವನ್ನು ನಾವು ಸರಿಪಡಿಸಿ, ಜುಲೈ ಆಗಸ್ಟ್‌ಗಳ ಜೇಬಿನಿಂದ ಒಂದೊಂದು ದಿನ ಕಿತ್ತು ಅದಕ್ಕೂ ಮೂವತ್ತು ತುಂಬಿಸಿದ್ದೇವೆ. ನನ್ನ ಕೆಲವು ಪದಗಳು ನಿಮಗೆ ಅನ್ನದಲ್ಲಿ ಕಲ್ಲು ಸಿಕ್ಕಂತೆ ಅನ್ನಿಸಬಹುದು. ಕ್ಷಮಿಸಿ, ಪಕ್ಕಕ್ಕಿಟ್ಟು ಮುಂದೆ ಓದಿ. ಅಲೆಮನೆ ಎಂದರೆ ರೇಡಿಯೊ ಕೋಣೆ. ದೀರ್ಘ ಕಳೆದುಕೊಂಡ ಆಲೆಮನೆ ಎಂದುಕೊಳ್ಳಿ; ಬೆಲ್ಲ ಸಿಗುವುದಿಲ್ಲ, ಸಿಹಿ ಮಾತು ಸಿಕ್ಕರೆ ನಿಮ್ಮ ಪುಣ್ಯ. ಅಲ್ಲಿ ಕೂರುವ ನಮಗೆ ಅಲೆಗಾರರೆಂದು ಹೆಸರು. ಅಲೆಮಾರಿಗಳಿಗೂ ನಮಗೂ ವ್ಯತ್ಯಾಸ ಇಷ್ಟೇ: ಅವರು ಕಾಲಿನಿಂದ ಅಲೆಯುತ್ತಾರೆ, ನಾವು ಕಿವಿಯಿಂದ.

ಇಷ್ಟು ಮುಂದುವರಿದವರಿಗೆ ಹಳೆಯ ಎಎಂ ರೇಡಿಯೊ ಏಕೆ ಬೇಕಾಯಿತು ಎಂದು ನೀವು ಕೇಳಬಹುದು. ನಮ್ಮಲ್ಲಿ ಊಹೆವಲೆ ಎಂಬುದೊಂದಿದೆ. ನೀವು ಹೇಳಲಿರುವುದನ್ನು ಊಹಿಸಿ, ಎದುರಿನವರ ಉತ್ತರವನ್ನೂ ಅದೇ ಊಹಿಸಿ, ಮಾತುಕತೆ ಸುಖವಾಗಿ ಮುಗಿಯಿತೆಂದು ಇಬ್ಬರಿಗೂ ವರದಿ ಕೊಡುತ್ತದೆ. ಅದರ ಪ್ರಕಾರ ನಾನು ನನ್ನ ತಮ್ಮನೊಂದಿಗೆ ಹೋದ ವರ್ಷ ಮೂರು ಸಲ ಜಗಳವಾಡಿ ಎರಡು ಸಲ ರಾಜಿಯಾಗಿದ್ದೇನೆ. ನಮ್ಮಿಬ್ಬರಿಗೂ ಅದರ ಸುದ್ದಿಯೇ ಇಲ್ಲ. ಬೇಸತ್ತ ಕೆಲವರು ಎಎಂಗೆ ಮರಳಿದೆವು. ಅದಕ್ಕೆ ಬುದ್ಧಿ ಕಡಿಮೆ, ಜಾಗ ಜಾಸ್ತಿ ಬೇಕು, ಬಸ್ಸಿನಲ್ಲಿ ಎರಡು ಸೀಟು ಹಿಡಿಯುವ ಸ್ಥೂಲಕಾಯದ ಮಾವನ ಹಾಗೆ. ಆದರೆ ಉಸಿರು, ಕೆಮ್ಮು, ಮಾತಿನ ನಡುವೆ ನುಂಗಿದ ಉಗುಳು, ಎಲ್ಲವನ್ನೂ ಅದು ಹೊತ್ತು ತರುತ್ತದೆ. ಸಂಜೆ ಗುಡ್ಡದ ಬಂಡೆಗಳು ಗುಲಾಬಿಯಾಗುವ ಹೊತ್ತಿಗೆ ರೇಡಿಯೊದ ಗಾಜಿನ ವಾಲ್ವಿನ ಕೆಂಪು ತಂತು ಹೊತ್ತಿಸಿ, ಏಳು ಸಾವಿರ ಕಿಲೊಹರ್ಟ್ಸ್‌ನಿಂದ ಮೆಲ್ಲಗೆ ಮೇಲಕ್ಕೆ ತಿರುಗಿಸುತ್ತ ಹೋದರೆ, ನಿದ್ದೆಯಲ್ಲಿ ಯಾರದೋ ಊರಿನ ಓಣಿಗಳಲ್ಲಿ ನಡೆದಂತಿರುತ್ತದೆ. ಒಂದು ಕಡೆ ದೂರದ ಗುಡುಗಿನ ಚಿಟಪಟ, ಇನ್ನೊಂದು ಕಡೆ ಸೂರ್ಯ ಮುಳುಗುವ ಸರಸರ, ಅಲ್ಲಲ್ಲಿ ಗುಂಯ್ ಎನ್ನುವ ಖಾಲಿ ಅಲೆ.

ಈ ಖಾಲಿ ಅಲೆಯೇ ನನ್ನ ಕಥೆಯ ಖಳನಾಯಕ. ನಮ್ಮಲ್ಲಿ ವಲ್ಲಿನಿಮಿಷ ಎಂಬ ಪದ್ಧತಿಯಿದೆ. ನಿಮ್ಮವರು ಬಸ್ಸಿನ ಕಿಟಕಿಯಿಂದ ಹೆಗಲಿನ ವಲ್ಲಿ, ಅಂದರೆ ಟವೆಲ್ಲು, ಎಸೆದು ಸೀಟು ಹಿಡಿಯುತ್ತಿದ್ದರಲ್ಲ, ಹಾಗೆ ಮಾತಿಗೆ ಮುಂಚೆ ಅಲೆಗಾರ ಒಂದು ನಿಮಿಷ ಬರೀ ಅಲೆ ಹರಿಸಿ ಜಾಗ ಹಿಡಿಯಬೇಕು. ಮೈಕು ತೆರೆದಿರಬೇಕು, ಬಾಯಿ ಮುಚ್ಚಿರಬೇಕು. ಎರಡನೆಯ ಪದ್ಧತಿ: ಅಂಥ ಗುಂಯ್ ಕೇಳಿದೊಡನೆ ಸಭ್ಯರಾದವರು ತಲೆಬಾಗಿ ಬೇರೆಡೆ ಹೋಗಬೇಕು. ನಾನು ಅತಿ ಸಭ್ಯಳು. ಹನ್ನೆರಡು ತಿಂಗಳು ಪ್ರತಿ ಸಂಜೆ ಯಾರದೋ ವಲ್ಲಿಗೆ ನಮಸ್ಕರಿಸಿ ಸರಿದು, ನನ್ನ ವಲ್ಲಿ ಹಾಸಿ, ನಿಮಿಷ ಕಳೆದ ಮೇಲೆ ಕೂಗಿ ಕೂಗಿ ಗಂಟಲು ಹರಿದುಕೊಂಡೆ. ಒಬ್ಬರೂ ಓಗೊಡಲಿಲ್ಲ.

ನಮ್ಮಲ್ಲಿ ತಾಮ್ರ ಬಲು ಅಪರೂಪ. ವರ್ಷಕ್ಕೆ ಒಂದು ಸಂಪರ್ಕವೂ ದಾಖಲಾಗದ ಅಲೆಮನೆಯ ಆಂಟೆನಾ ತಂತಿಯನ್ನು ಫೆಬ್ರವರಿ ಮೂವತ್ತರ ಸಂಜೆ ಇಳಿಸಿ ಬೇರೆಯವರಿಗೆ ಕೊಡುತ್ತಾರೆ. ಆ ಕೆಲಸ ಮಾಡುವ ತಂತಿಪಾಲ ಈರಣ್ಣ ಹೂಗಾರ ಇವತ್ತು ಐದೂವರೆಗೇ ಬಂದ. ಒಳ್ಳೆಯ ಮನುಷ್ಯ, ತಂತಿ ಇಳಿಸುವ ಮೊದಲು ಚಹಾ ಕುಡಿದು ಕಣ್ಣೊರೆಸಿಕೊಳ್ಳುತ್ತಾನೆ. ಅವನು ಬಂಡೆ ಹತ್ತಿ ಹಗ್ಗದ ಗಂಟಿಗೆ ಕೈ ಹಾಕಿದಾಗ ನಾನು ಕೊನೆಯ ಸಲ ತಿರುಗಣೆ ತಿರುಗಿಸಿದೆ. ಏಳು ಸಾವಿರದ ನೂರ ನಲವತ್ತೈದರಲ್ಲಿ ಮತ್ತೆ ಅದೇ ಗುಂಯ್. ಅಭ್ಯಾಸಬಲದಿಂದ ಬೆರಳು ಸರಿಯುವುದರಲ್ಲಿತ್ತು, ಗುಂಯ್ ಹಿಂದಿನಿಂದ ಒಂದು ಹೆಣ್ಣು ದನಿ ಬೆಕ್ಕನ್ನು ಬೈಯಿತು:

“ಏ ಮುಂಡೇದೆ, ಬಾಂಗಡೆ ಬಿಡ್ತ್ಯೋ ಇಲ್ವೋ? ಅದು ನನ್ನ ಊಟಕ್ಕೆ!”

ಬೆಕ್ಕು ಮೀನು ಬಿಟ್ಟಿತೋ ಇಲ್ಲವೋ ತಿಳಿಯದೆ ಹೇಗೆ ಹೋಗಲಿ? ಕೂತೆ. ಕೂತಿದ್ದರಿಂದ ಬೇರೆಯವರ ವಲ್ಲಿನಿಮಿಷವೊಂದು, ನನ್ನ ಆಯುಷ್ಯದಲ್ಲಿ ಮೊದಲ ಸಲ, ನನ್ನ ಕಿವಿಯಲ್ಲೇ ಮುಗಿಯಿತು.

“ತೇಲೂರು ಕಾರವಾರದಿಂದ ದುರ್ಗಿ ಹರಿಕಂತ್ರ. ಯಾರಾದ್ರೂ ಇದ್ರೆ ಮಾತಾಡಿ ಮಾರಾಯ್ರೆ. ಆರು ಗಂಟೆಗೆ ನನ್ನ ತಂತಿ ಇಳಸ್ತ್ರು.”

ತೇಲೂರು ಎಂದರೆ ಸಮುದ್ರ ಏರಿದ ಮೇಲೆ ಪೀಪಾಯಿಗಳ ಮೇಲೆ ಕಟ್ಟಿದ ಊರು. ನಾನು ಕಿಟಕಿಯಿಂದ ಕಿರುಚಿದೆ.

“ಈರಣ್ಣಾ, ಹಗ್ಗ ಬಿಚ್ಚಬ್ಯಾಡ!”

“ಬಿಚ್ಚೇ ಬಿಟ್ಟೀನ್ರಿ ಅಕ್ಕಾರ.”

“ಬಿಚ್ಚಿದ್ದನ್ನ ಎತ್ತಿ ಹಿಡಿ!”

ಅವನು ಹಗ್ಗ ಹಿಡಿದು ಎರಡೂ ಕೈ ಮೇಲೆತ್ತಿ, ಬಟ್ಟೆ ಒಣಹಾಕುವ ಕಂಬದಂತೆ ನಿಂತ. ನಾನು ವಲ್ಲಿ ಹಾಸದೆ, ನಮಸ್ಕಾರ ಹೇಳದೆ, ಜನ್ಮದಲ್ಲಿ ಕಲಿತ ಸಭ್ಯತೆಯನ್ನೆಲ್ಲ ಗಾಳಿಗೆ ತೂರಿದೆ. ಅಲೆಗಾರರು ತೂರಬೇಕಾದ್ದು ಅಲ್ಲಿಗೇ ತಾನೆ?

“ದುರ್ಗಮ್ಮಾರ, ಮುದಗಲ್ಲಿಂದ ನೀಲಗಂಗಾ. ಬೆಕ್ಕು ಬಾಂಗಡೆ ಬಿಡ್ತೇನ್ರಿ?”

ಸಮುದ್ರದ ಸದ್ದಿನ ನಡುವೆ “ಬಾಲ ಒಂದು ಉಳ್ಸಿದೆ” ಎಂದಳು. ನಕ್ಕಳೋ ಅತ್ತಳೋ ಊಹೆವಲೆಗೂ ತಿಳಿಯುತ್ತಿರಲಿಲ್ಲ. ನನಗೆ ಎರಡೂ ಕೇಳಿಸಿದವು. ಮತ್ತೆ ಅವಳೇ ಅಂದಳು: “ವರ್ಷವಿಡೀ ಗುಂಯ್ ಅಂತಿದ್ದದ್ದು ನೀವಾ? ಯಾರೋ ದೊಡ್ಡೋರು ಅಂದ್ಕಂಡು ನಾನು ಓಡೋಗ್ತಿದ್ದೆ!”

ಒಬ್ಬರನ್ನು ಕಂಡು ಒಬ್ಬರು ಓಡಿದ್ದೆವು, ಬಂಧುಗಳೇ. ಬಸ್ಸು ತುಂಬ ವಲ್ಲಿಗಳು, ಪ್ರಯಾಣಿಕರೇ ಇಲ್ಲ.

ಹನ್ನೆರಡು ನಿಮಿಷ ಮಾತಾಡಿದೆವು. ಅಲ್ಲಿನ ತಂತಿಪಾಲನೂ ತಂತಿ ಇಳಿಸದೆ ಹಿಂದಿರುಗಿದನಂತೆ. ಈರಣ್ಣ ಹಗ್ಗವನ್ನು ಮತ್ತೆ ಬಿಗಿದು ಕೆಳಗಿಳಿದವನೇ “ಕೈ ಬಿದ್ದು ಹೋಗಾಕ ಹತ್ಯಾವ್ರಿ” ಎಂದು ಗೊಣಗುತ್ತ, ದಾಖಲೆ ಪುಸ್ತಕದಲ್ಲಿ ನಡುಗುವ ಅಕ್ಷರದಲ್ಲಿ ಸಹಿ ಹಾಕಿದ. ಅದನ್ನು ಓದಿದವರು ಭೂಕಂಪದ ದಾಖಲೆ ಎಂದುಕೊಂಡಾರು.

ಈ ಪತ್ರವನ್ನು ನಾಳೆ ಅದೇ ನೂರ ನಲವತ್ತೈದರಲ್ಲಿ ಓದಿ ಕಳಿಸುತ್ತೇನೆ. ಹಿಂದಿನ ಕಾಲಕ್ಕೆ ಅದು ಹೇಗೆ ತಲುಪುತ್ತದೆ ಎಂದು ಕೇಳಬೇಡಿ, ನನ್ನ ಭೌತಶಾಸ್ತ್ರದ ಮೇಷ್ಟ್ರೂ ಆ ಪಾಠದ ದಿನ ರಜೆ ಹಾಕಿದ್ದರು. ತಲುಪಿದರೆ ನನ್ನದೊಂದೇ ಬೇಡಿಕೆ. ಎಲ್ಲಿಯಾದರೂ ಖಾಲಿ ಗುಂಯ್ ಕೇಳಿದರೆ ಮರ್ಯಾದೆಯಿಂದ ಓಡಬೇಡಿ. ಒಂದು ನಿಮಿಷ ಕೂತಿರಿ. ಅದರ ಹಿಂದೆ ಯಾರೋ ಉಸಿರು ಬಿಗಿಹಿಡಿದು ಸರದಿ ಕಾಯುತ್ತಿರುತ್ತಾರೆ. ನಮಗೆ ಕೊನೆಗೊಂದು ಮೂವತ್ತನೆಯ ತಾರೀಕು ಉಳಿದಿತ್ತು. ನಿಮ್ಮ ಫೆಬ್ರವರಿಗೆ ಅದಿಲ್ಲ, ಇಪ್ಪತ್ತೆಂಟರೊಳಗೇ ಮಾತಾಡಿ.

ನಿಮ್ಮ ಕಿವಿಗೆ ಶರಣು,
ನೀಲಗಂಗಾ